ಊದೋ ಮೇಷ್ಟ್ರು

ನಮ್ಮ ಯಜಮಾನರು ನಲ್ಲಿ ಕೆಲಸದವರು. ಕಾಲೇಜಿನಲ್ಲಿ ಎಲ್ಲರೂ ಊದೋ ಮೇಷ್ಟ್ರು ಎನ್ನುತ್ತಿದ್ದರು. ನಾನು ಇವರು ಎನ್ನುತ್ತೇನೆ. ತೀರಿಕೊಂಡ ಮೇಲೆ ಅವರು ಎನ್ನಬೇಕೇನೋ. ಹಾಗೆ ಬರೆಯಲು ಕೈ ಬರುವುದಿಲ್ಲ.

ಪೈಪು ಕೊಯ್ದ ಮೇಲೆ ಇವರು ಅದರ ತುದಿಯನ್ನು ಬಾಯಿಗಿಟ್ಟು ಊದುತ್ತಿದ್ದರು. ಒಳಗಿನ ಪುಡಿ ಆ ಕಡೆಯಿಂದ ಹಾರಿಹೋಗುತ್ತಿತ್ತು. ಜೊತೆಗೆ ಸದ್ದು ಬರುತ್ತಿತ್ತು. ಸಣ್ಣ ಪೈಪಾದರೆ ಸಿಳ್ಳೆ ಹೊಡೆದ ಹಾಗೆ, ದಪ್ಪ ಪೈಪಾದರೆ ಹಸು ಕೂಗಿದ ಹಾಗೆ. ಆ ಸದ್ದು ಕೇಳಿಯೇ ಪೈಪು ಚೊಕ್ಕವಾಗಿದೆಯೋ, ಒಳಗೆ ಏನಾದರೂ ಸಿಕ್ಕಿಕೊಂಡಿದೆಯೋ ಹೇಳುತ್ತಿದ್ದರು. ಬೀದಿಯಲ್ಲಿ ಸದ್ದು ಬಂದರೆ ಸಾಕು, ಹೆಂಗಸರು ಕೊಡ ಹಿಡಿದು ಹೊರಗೆ ಬರುತ್ತಿದ್ದರು. ನಲ್ಲಿಯವರು ಬಂದರು, ಇನ್ನೇನು ನೀರು ಬಂತು ಎಂದು.

ಇವರು ಆ ಊದುವುದನ್ನು ಬಿಟ್ಟದ್ದು ಹೇಗೆ ಎಂದು ಬರೆಯುತ್ತೇನೆ. ಬಿಡದೆ ಹೋಗಿದ್ದರೆ ಇವರ ಕೈಕೆಳಗೆ ಕಲಿತವರೆಲ್ಲ ತಮ್ಮ ಎದೆ ಕೆಡಿಸಿಕೊಳ್ಳುತ್ತಿದ್ದರು.

ಊದಲು ಇವರಿಗೆ ಕಲಿಸಿದ್ದು ದೊಡ್ಡ ಮೇಸ್ತ್ರಿ. ಇವರಿಗೆ ತಂದೆತಾಯಿ ಇರಲಿಲ್ಲ. ಅಕ್ಕ ಸಾಕಿದಳು. ಅಕ್ಕನೇ ಕರೆದುಕೊಂಡು ಹೋಗಿ ಮೇಸ್ತ್ರಿಯ ಕೈಗೆ ಒಪ್ಪಿಸಿದಳು. ಮೇಸ್ತ್ರಿ ಕಪಾಳಕ್ಕೆ ಹೊಡೆದು ಕಲಿಸಿದರು, ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕಿದರು. ನಮ್ಮ ಮದುವೆಯಲ್ಲಿ ಇವರ ಅಪ್ಪನ ಜಾಗದಲ್ಲಿ ನಿಂತವರು ಅವರೇ. ಅವರ ಕಾಲದಲ್ಲಿ ಬೀದಿಯ ಕೆಳಗೆ ಇದ್ದದ್ದೆಲ್ಲ ಸಿಮೆಂಟಿನ ಬೂದು ಪೈಪು. ದಿನವಿಡೀ ಅದನ್ನೇ ಕೊಯ್ಯುವುದು, ಊದುವುದು. ಮನೆಗೆ ಬರುವಾಗ ಇವರ ರೆಪ್ಪೆಯೂ ಬೂದು, ಮೀಸೆಯೂ ಬೂದು. ನಾನು ಬಾಗಿಲಲ್ಲೇ ಅಂಗಿ ಬಿಚ್ಚಿಸಿ, ಕೊಡವಿ, ಒಗೆಯುತ್ತಿದ್ದೆ.

ಮಂಡಿ ನೋವು ಶುರುವಾದ ಮೇಲೆ ಗುಂಡಿಗೆ ಇಳಿಯುವುದು ಕಷ್ಟವಾಯಿತು. ಅದೇ ಹೊತ್ತಿಗೆ ನಮ್ಮ ಕಡೆ ಸಮುದಾಯ ಕಾಲೇಜು ತೆರೆದರು. ಹಳೆಯ ಬಸ್ ಡಿಪೋವಿಗೆ ಸುಣ್ಣ ಹೊಡೆದು ಬೋರ್ಡು ಹಾಕಿದ್ದು, ಅಷ್ಟೇ. ಓದು ಬಿಟ್ಟವರು, ಕೆಲಸ ಹೋದವರು, ವಯಸ್ಸಾದವರು, ಯಾರು ಬೇಕಾದರೂ ಸಂಜೆ ಬಂದು ಕಲಿಯಬಹುದು. ಬಸ್ಸು ರಿಪೇರಿ ಮಾಡುತ್ತಿದ್ದ ಶೆಡ್ಡನ್ನು ನಲ್ಲಿ ಕೆಲಸ ಕಲಿಸಲು ಇವರಿಗೆ ಕೊಟ್ಟರು. ಮೊದಲ ದಿನ ಹೊರಡುವಾಗ ಕನ್ನಡಿ ಮುಂದೆ ನಿಂತು ತಲೆ ಬಾಚಿದರು. ಬಾಚುವಷ್ಟು ಕೂದಲು ಇರಲಿಲ್ಲ.

"ಇಷ್ಟು ದಿನ ಮೇಸ್ತ್ರಿಯಾಗಿದ್ದೆ, ಈಗ ಮೇಷ್ಟ್ರಾದೆ" ಎಂದರು.

"ಬನಿಯನ್ ತಿರುಗಿಸಿ ಹಾಕ್ಕೊಂಡಿದೀರಿ, ಮೇಷ್ಟ್ರೇ" ಎಂದೆ.

ನಮಗೆ ಮಕ್ಕಳಿಲ್ಲ. ಅದಕ್ಕೇ ಕಲಿಯುವವರನ್ನು ಮಕ್ಕಳ ಹಾಗೆ ನೋಡಿಕೊಂಡರು ಎಂದು ಕೆಲವರು ಹೇಳುತ್ತಾರೆ. ಸುಳ್ಳು. ಎಲ್ಲರನ್ನೂ ಬೈಯುತ್ತಿದ್ದರು. ಅಡ್ಡಾದಿಡ್ಡಿ ಕೊಯ್ದರೆ, "ಇದೇನು ಪೈಪೋ, ನಾಯಿ ಕಚ್ಚಿದ ಬ್ರೆಡ್ಡೋ" ಎನ್ನುತ್ತಿದ್ದರು. ಆದರೂ ಯಾರೂ ಬಿಟ್ಟು ಹೋಗಲಿಲ್ಲ. ಅವರಲ್ಲಿ ಒಬ್ಬಳು ಕಂಡಕ್ಟರಮ್ಮ. ಇದೇ ಡಿಪೋದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ಡಿಪೋ ಮುಚ್ಚಿದ ಮೇಲೆ ಅದೇ ಜಾಗಕ್ಕೆ ನಲ್ಲಿ ಕೆಲಸ ಕಲಿಯಲು ಬಂದಳು. ಗಂಟಲು ದೊಡ್ಡದು. ಅವಳು "ಮುಂದೆ ಹೋಗಿ, ಮುಂದೆ ಹೋಗಿ" ಎಂದರೆ ಶೆಡ್ಡಿನಲ್ಲಿ ಇದ್ದವರು ತಮಗೆ ಗೊತ್ತಿಲ್ಲದೆ ಮುಂದೆ ಸರಿಯುತ್ತಿದ್ದರು. ಕಂಡಕ್ಟರ್ ಕೆಲಸದ ಸೀಟಿಯನ್ನು ಇನ್ನೂ ಕೊರಳಿಗೆ ಹಾಕಿಕೊಂಡೇ ಇದ್ದಳು. ಇವರಿಗೆ ಊದೋ ಮೇಷ್ಟ್ರು ಎಂದು ಹೆಸರಿಟ್ಟದ್ದೂ ಅವಳೇ.

ಶೆಡ್ಡಿನ ಪಕ್ಕದ ಕೋಣೆಯಲ್ಲಿ ತತ್ವಶಾಸ್ತ್ರದ ತರಗತಿ. ನಡುವೆ ಬರೀ ಹಲಗೆಯ ಗೋಡೆ. ಅಲ್ಲಿ ಪಾಠ ಮಾಡುವವರು ತೆಳ್ಳಗೆ ಕಡ್ಡಿಯ ಹಾಗಿದ್ದರು, ಚಿಕ್ಕ ವಯಸ್ಸು. ಏನು ಕೇಳಿದರೂ ಉತ್ತರದ ಬದಲು ಇನ್ನೊಂದು ಪ್ರಶ್ನೆ ಕೊಡುತ್ತಿದ್ದರು. ಪ್ರಶ್ನೆ ಮೇಷ್ಟ್ರು ಎಂದೇ ಅವರನ್ನು ಕರೆಯುತ್ತಿದ್ದರು. ಅವರ ಕೋಟಿಗೆ ನಡುವಿನ ಗುಂಡಿ ಇರಲಿಲ್ಲ. ನಾನು ಬಟ್ಟೆ ಹೊಲಿಯುವವಳು. ಅವರು ಕಂಡಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಮೊದಲ ವಾರವೇ ಅವರು ಜಗಳಕ್ಕೆ ಬಂದರು.

"ಸಾರ್, ನಿಮ್ಮ ಗರಗಸದ ಸದ್ದಲ್ಲಿ ನನ್ನ ಪಾಠ ಯಾರಿಗೂ ಕೇಳಿಸ್ತಾ ಇಲ್ಲ."

"ನಿಮ್ದು ಏನ್ ಪಾಠ?"

"ತತ್ವಶಾಸ್ತ್ರ."

"ಹಾಗಾದ್ರೆ ಇಬ್ರದೂ ಒಂದೇ ಕೆಲ್ಸ ಬಿಡಿ. ನಾವು ಪೈಪ್ ಕೊರೀತೀವಿ, ನೀವು ತಲೆ ಕೊರೀತೀರಿ."

ಶೆಡ್ಡೆಲ್ಲ ನಕ್ಕಿತು. ಅವರೂ ನಕ್ಕರು. "ಒಂದಿನ ಬಂದು ನೀವೂ ಕೊರೆಸ್ಕೊಂಡು ನೋಡಿ" ಎಂದರು. ಸುಮ್ಮನೆ ಮಾತಿಗೆ ಹೇಳಿದ್ದು. ಇವರು ನಿಜವಾಗಿಯೂ ಹೋದರು. ತಮ್ಮ ತರಗತಿ ಮುಗಿದ ಮೇಲೆ ಕೈ ತೊಳೆದು ಹಿಂದಿನ ಬೆಂಚಿನಲ್ಲಿ ಕೂರುವುದು ರೂಢಿಯಾಯಿತು.

ಒಂದು ಸಲ ಅಲ್ಲಿ ಪ್ರಶ್ನೆ ಮೇಷ್ಟ್ರು ಕೇಳಿದರಂತೆ, ಒಂದು ಕುರ್ಚಿಯ ಕಾಲು, ಕೈ, ಬೆನ್ನು, ಎಲ್ಲ ಒಂದೊಂದಾಗಿ ಬದಲಾಯಿಸಿದರೆ ಅದು ಅದೇ ಕುರ್ಚಿಯೋ, ಬೇರೆಯೋ ಎಂದು. ಮನೆಗೆ ಬಂದು ತಟ್ಟೆ ಮುಂದೆ ಕೂತು ಇವರು ಅದನ್ನೇ ಶುರುಮಾಡಿದರು.

"ಅದೇನು ಕೇಳೋ ಮಾತಾ? ದೊಡ್ಡ ಬೀದಿಯ ಲೈನು ಪೂರ್ತಿ ಬದಲಾಯ್ಸಿದವನು ನಾನು. ಈ ತುಂಡು ಇವತ್ತು, ಆ ತುಂಡು ನಾಳೆ. ನೀರು ಒಂದಿನಾನೂ ನಿಂತಿಲ್ಲ. ಲೈನು ಅದೇ."

"ಹಾಗಂತ ಹೇಳಿದ್ರಾ?"

"ಹೇಳಿದೆ. 'ನೀರು ನಿಂತಿದ್ರೆ?' ಅಂತ ವಾಪಸ್ ನನ್ನೇ ಕೇಳ್ತಾನೆ ಆ ಕಡ್ಡಿ ಪೈಲ್ವಾನ್!"

ಬೈಯುತ್ತಲೇ ನಗುತ್ತಿದ್ದರು. ಅಷ್ಟು ಖುಷಿಯಾಗಿ ಯಾರನ್ನೂ ಬೈದದ್ದು ನಾನು ನೋಡಿಲ್ಲ.

ಸಂಜೆ ನಾನೊಬ್ಬಳೇ ಮನೆಯಲ್ಲಿ ಕೂತು ಏನು ಮಾಡಲಿ ಎಂದು ನಾನೂ ಜೊತೆಗೆ ಹೋಗತೊಡಗಿದೆ. ಆ ಕಟ್ಟಡದ ಕೊನೆಯ ಕೋಣೆಯಲ್ಲಿ ಜನಾರೋಗ್ಯದ ತರಗತಿ ಇತ್ತು. ಕುಡಿಯುವ ನೀರು, ಕೈ ತೊಳೆಯುವುದು, ಬಾಣಂತಿಯ ಆರೈಕೆ, ಮನೆಮನೆಗೆ ಹೋಗಿ ವಿಚಾರಿಸುವುದು, ಇವೆಲ್ಲ ಹೇಳಿಕೊಡುತ್ತಿದ್ದರು. ಕಲಿಸುವವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಕ್ಕ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎಂದೆ. "ಕಿವಿ ಕೇಳಿಸುತ್ತಲ್ಲ? ಕೂತ್ಕೋ" ಎಂದರು.

ಒಂದು ಸಂಜೆ ನರ್ಸಕ್ಕ ಒಂದು ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲಿಟ್ಟರು. ಬಾಯಿ ಬಿಗಿಯಾಗಿ ಕಟ್ಟಿದ್ದರು. ಒಳಗೆ ಬೂದು ಪೈಪಿನ ಒಂದು ಚೂರು.

"ಯಾರಿಗಾದ್ರೂ ಗೊತ್ತಾ ಇದು?"

"ನನ್ನ ಸಂಸಾರ ನಡೆದಿದ್ದೇ ಅದರಿಂದ" ಎಂದೆ. ಎಲ್ಲರೂ ನಕ್ಕರು. ನರ್ಸಕ್ಕ ನಗಲಿಲ್ಲ.

ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸೇರಿಸಿದ ಸಿಮೆಂಟಂತೆ. ಅದರ ಪಾಡಿಗೆ ಅದನ್ನು ಬಿಟ್ಟರೆ ಏನೂ ಮಾಡುವುದಿಲ್ಲ. ಕೊಯ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಏಳುತ್ತವೆ. ಉಸಿರಿನ ಜೊತೆ ಒಳಗೆ ಹೋಗಿ ಅಲ್ಲೇ ಚುಚ್ಚಿಕೊಂಡು ಕೂರುತ್ತವೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಣ ಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು.

ಇವರು ಮಹಡಿ ಹತ್ತುವಾಗ ಅರ್ಧದಲ್ಲಿ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು. ಚಪ್ಪಲಿ ಸರಿಯಾಗಿಯೇ ಇರುತ್ತಿತ್ತು.

ನಾನು ಪಾಠದ ನಡುವೆಯೇ ಎದ್ದೆ. ಶೆಡ್ಡಿಗೆ ಹೋದೆ. ಬಾಗಿಲಲ್ಲಿ ನಿಂತು ನೋಡಿದೆ. ಕಲಿಯಲು ಬೂದು ಪೈಪನ್ನೇ ಕೊಟ್ಟಿದ್ದರು. ಅಂಗಳದಲ್ಲಿ ಅದರ ರಾಶಿಯೇ ಇತ್ತು. ಹಳೆಯ ಲೈನುಗಳೆಲ್ಲ ಅದರದ್ದೇ, ರಿಪೇರಿಗೆ ಹೋದವರಿಗೆ ಗೊತ್ತಿರಬೇಕು ಎಂದು. ಕಲಿಯುವವರು ಸಾಲಾಗಿ ನಿಂತಿದ್ದರು. ಕೊಯ್ದರು. ಬಾಯಿಗಿಟ್ಟು ಊದಿದರು. ಆಮೇಲೆ ಎಲ್ಲರೂ ತಲೆಯನ್ನು ಎಡಗಡೆಗೆ ತಿರುಗಿಸಿ ಒಂದು ಸಲ ಕೆಮ್ಮಿದರು. ಇವರು ಕೆಮ್ಮುವ ಹಾಗೇ.

ಕಂಡಕ್ಟರಮ್ಮ ಹತ್ತಿರದಲ್ಲಿದ್ದಳು. "ಏನಮ್ಮಾ, ನಿಂಗೂ ಕೆಮ್ಮಾ?" ಎಂದೆ.

"ಅಯ್ಯೋ, ನಂಗೇನ್ ಕೆಮ್ಮು ಅಕ್ಕಾ? ಊದಿದ್ಮೇಲೆ ಕೆಮ್ಮಬೇಕಲ್ವಾ?"

"ಯಾರು ಹೇಳಿದ್ದು?"

"ಹೇಳೋದೇನು, ಮೇಷ್ಟ್ರು ಹಾಗೇ ತಾನೇ ಮಾಡೋದು. ಗಂಟಲಲ್ಲಿ ಪುಡಿ ನಿಲ್ಬಾರ್ದು ಅಂತ ಇರಬೇಕು."

ಕೊಯ್ಯಿ, ಊದು, ಕೆಮ್ಮು. ಅದನ್ನೂ ಕೆಲಸ ಅಂದುಕೊಂಡು ಕಲಿತುಬಿಟ್ಟಿದ್ದರು.

ಮನೆಗೆ ನಡೆಯುವಾಗ ದಾರಿಯಲ್ಲೇ ಹೇಳಿದೆ.

"ರೀ, ನಾಳೆಯಿಂದ ಊದ್ಬೇಡಿ."

"ಯಾಕೆ?"

ನರ್ಸಕ್ಕ ಹೇಳಿದ್ದೆಲ್ಲ ಹೇಳಿದೆ.

"ನೀನು ಆ ಕ್ಲಾಸಿಗೆ ಹೋಗಿ ಎಷ್ಟು ದಿನ ಆಯ್ತೇ? ಆಗ್ಲೇ ನಂಗೆ ಪಾಠನಾ?"

"ಕಂಡಕ್ಟರಮ್ಮ ನಿಮ್ಮ ಹಾಗೇ ಕೆಮ್ತಾಳೆ."

"ಕೆಮ್ಮು ಬಂದ್ರೆ ಕೆಮ್ತಾಳೆ."

"ಬರಲ್ಲ. ನಿಮ್ಮನ್ನ ನೋಡಿ ಕಲ್ತಿದ್ದಾಳೆ. ಅವಳೊಬ್ಬಳೇ ಅಲ್ಲ, ಎಲ್ಲರೂ."

ಇವರು ನಿಂತುಬಿಟ್ಟರು. ಮೊದಲು ನಗು ಬಂತು. ಆಮೇಲೆ ನಗು ಹೋಯಿತು. ಕೆಮ್ಮು ಬಂತು. ತಲೆಯನ್ನು ಎಡಗಡೆಗೆ ತಿರುಗಿಸಿದರು. ತಿರುಗಿಸಿದ್ದು ತಮಗೇ ಗೊತ್ತಾಗಿ ಹಾಗೇ ನಿಂತರು.

ಅಷ್ಟಾದರೂ ಒಪ್ಪಲಿಲ್ಲ. ದೊಡ್ಡ ಮೇಸ್ತ್ರಿ ಕಲಿಸಿದ್ದು ಎಂದರು. ಊದದಿದ್ದರೆ ಪೈಪಿನ ಒಳಗು ಗೊತ್ತಾಗುವುದು ಹೇಗೆ ಎಂದರು. ಎರಡು ಮೂರು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ.

ಭಾನುವಾರ ಇವರ ಅಕ್ಕ ಬಂದಳು. ನನ್ನ ಅತ್ತಿಗೆ ಬಾಗಿಲು ದಾಟುವ ಮೊದಲೇ ಮಾತು ಒಳಗೆ ಬಂದಿರುತ್ತದೆ. ಬಟಾಣಿ ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡಳು.

"ಏನಮ್ಮಾ, ಗಂಡನಿಗೆ ಬುದ್ಧಿ ಹೇಳೋಕೆ ಕಾಲೇಜಿಗೆ ಸೇರಿದ್ಯಾ?"

"ಹೇಳೋರು ಬೇಕಲ್ಲ ಯಾರಾದ್ರೂ."

"ನೋಡೋ ತಮ್ಮಾ, ಇವಳ ಮಾತು ಕಿವಿಗೆ ಹಾಕ್ಕೋಬೇಡ. ನಿಮ್ಮ ದೊಡ್ಡ ಮೇಸ್ತ್ರಿ ಜೀವನಪೂರ್ತಿ ಊದಿದ್ರು. ಏನಾಯ್ತು? ಮುದುಕರಾಗೋ ತನಕ ಕಲ್ಲುಗುಂಡಿನ ಹಾಗಿದ್ರು. ಕೊನೇ ಎರಡು ವರ್ಷ ಹಾಸಿಗೇನೂ ಬೇಕಾಗ್ಲಿಲ್ಲ ಆ ಪುಣ್ಯಾತ್ಮನಿಗೆ. ಕುರ್ಚಿಯಲ್ಲಿ ರಾಜನ ಹಾಗೆ ಕೂತೇ ನಿದ್ದೆ ಮಾಡ್ತಿದ್ರು."

ನಾನು ಇವರ ಮುಖ ನೋಡಿದೆ. ಇವರು ಬಟಾಣಿ ನೋಡುತ್ತಿದ್ದರು.

"ಯಾಕಕ್ಕ ಕೂತು ನಿದ್ದೆ ಮಾಡ್ತಿದ್ರು?" ಎಂದು ಇವರೇ ಮೆಲ್ಲಗೆ ಕೇಳಿದರು.

"ಮಲಗಿದ್ರೆ ಉಸಿರು ಸಿಗ್ತಿರ್ಲಿಲ್ಲ, ಅದಕ್ಕೆ" ಎಂದಳು ಅತ್ತಿಗೆ. ಎಂದಮೇಲೆ ಅವಳಿಗೂ ಗೊತ್ತಾಯಿತು. ಬಟಾಣಿ ಬಿಡಿಸುವುದು ನಿಂತಿತು.

ಆ ವಾರ ತತ್ವಶಾಸ್ತ್ರದ ತರಗತಿ ಮುಗಿಯುವ ಹೊತ್ತಿಗೆ ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಇವರು ಹಿಂದಿನ ಬೆಂಚಿನಿಂದ ಎದ್ದು ನಿಂತರು. ಟೋಪಿ ಕೈಯಲ್ಲಿತ್ತು.

"ಒಂದು ಕೇಳ್ಬೇಕು. ಕಲಿಸಿದವರು ಒಳ್ಳೆಯವರು. ಅನ್ನ ಹಾಕಿದವರು. ಆದ್ರೆ ಕಲಿಸಿದ್ದು ಕೆಟ್ಟದ್ದು. ಈಗ ನಾನು ಯಾರ ಕಡೆ ನಿಂತ್ಕೊಳ್ಳಲಿ?"

ಯಾರೂ ನಗಲಿಲ್ಲ. ಪ್ರಶ್ನೆ ಮೇಷ್ಟ್ರ ಕೈ ಕೋಟಿನ ಇಲ್ಲದ ಗುಂಡಿಯ ಹತ್ತಿರ ಹೋಯಿತು.

"ಸಾರ್, ಅವರಿಗೆ ಅದು ಕೆಟ್ಟದ್ದು ಅಂತ ಗೊತ್ತಿತ್ತಾ?"

"ಎಲ್ಲಿ ಗೊತ್ತಿತ್ತು? ಗೊತ್ತಿದ್ದಿದ್ರೆ ಅವರು ಊದ್ತಿದ್ರಾ?"

"ಅದನ್ನೇ ನಾನೂ ಕೇಳ್ತಾ ಇದೀನಿ. ಇವತ್ತು ಇಲ್ಲಿ ಕೂತು ನರ್ಸಕ್ಕ ಹೇಳಿದ್ದು ಕೇಳಿಸ್ಕೊಂಡಿದ್ರೆ, ನಾಳೆ ಅವರು ಊದ್ತಿದ್ರಾ?"

ಇವರಿಗೆ ಸಿಟ್ಟು ಬಂತು. "ನಾನೊಂದು ಕೇಳಿದ್ರೆ ನೀವೊಂದು ಕೇಳ್ತೀರಿ" ಎಂದು ಟೋಪಿ ಹಾಕಿಕೊಂಡು ಹೊರಗೆ ಬಂದರು.

ಮರುದಿನ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದರು. ಕನ್ನಡಿಗೆ ಹೇಳಿದ ಹಾಗೆ ಹೇಳಿದರು.

"ಊದ್ತಿರ್ಲಿಲ್ಲ. ಮೇಸ್ತ್ರಿ ನನ್ನ ಕಪಾಳಕ್ಕೆ ಬಾರಿಸಿ ಬಿಡಿಸ್ತಿದ್ರು."

ನಾನು ಟವೆಲು ಕೊಟ್ಟು ಒಳಗೆ ಹೋದೆ, ಏನಾದರೂ ಹೇಳಿದರೆ ಮತ್ತೆ ಎಲ್ಲಿ ತಿರುಗಿ ಬೀಳುತ್ತಾರೋ ಎಂದು.

ನರ್ಸಕ್ಕ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿದರು. ಅಂಗಿ ಕೊಡವಿದವಳ ಎದೆಯನ್ನೂ ನೋಡಬೇಕಂತೆ. ಇವರ ಎದೆಯ ಕೆಳಭಾಗ ಎರಡೂ ಕಡೆ ಗಟ್ಟಿಯಾಗಿತ್ತು. ಆದದ್ದನ್ನು ಸರಿಮಾಡಲು ಆಗುವುದಿಲ್ಲ, ಉಸಿರು ಹಗುರವಾಗಲು ಔಷಧಿ ಕೊಡುತ್ತೇವೆ ಎಂದರು ಡಾಕ್ಟರು. ನನ್ನದರಲ್ಲಿ ಏನೂ ಕಾಣಲಿಲ್ಲ.

ಬಸ್ಸಿನಲ್ಲಿ ಬರುವಾಗ ನನಗೆ ಅಳು ತಡೆಯಲಾಗಲಿಲ್ಲ. ಇವರು ನನ್ನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ಚೊಕ್ಕವಾಗಿದೆ ನೋಡೇ ನಿನ್ನ ಎದೆ! ಊದಿದ್ರೆ ಒಳ್ಳೆ ಸದ್ದು ಬರುತ್ತೆ."

"ಮುಚ್ಚಿ ಬಾಯಿ. ಜನ ಇದ್ದಾರೆ" ಎಂದೆ.

ಅಂಗಳದ ಬೂದು ಪೈಪಿನ ರಾಶಿಯನ್ನು ಕಾಲೇಜಿನವರು ನೀರು ಹಾಕಿ ನೆನೆಸಿ, ಚೀಲದಲ್ಲಿ ಕಟ್ಟಿ ಸಾಗಿಸಿದರು. ಶೆಡ್ಡಿನಲ್ಲಿ ಉಳಿದದ್ದು ಪ್ಲಾಸ್ಟಿಕ್ ಪೈಪು, ಕಬ್ಬಿಣದ ಪೈಪು. ಇವರು ಎಲ್ಲರನ್ನೂ ನಿಲ್ಲಿಸಿ ಹೇಳಿದರು.

"ಇವತ್ತಿನಿಂದ ಯಾರೂ ಊದ್ಬಾರ್ದು. ಕೆಮ್ಮಲೂಬಾರ್ದು. ಕೆಮ್ಮು ಪಾಠ ಅಲ್ಲ. ಅದು ನನ್ನ ಕಾಯಿಲೆ."

ಆಮೇಲೆ ಹಿಂದಿನಿಂದ ಒಬ್ಬ ಕೇಳಿದ. "ಪ್ಲಾಸ್ಟಿಕ್ ಊದಿದ್ರೆ ಏನಾಗುತ್ತೆ ಸಾರ್?"

"ಏನೂ ಆಗಲ್ಲ. ಆದ್ರೆ ಬಾಯಿಗೆ ಬಣ್ಣ ಕಾಣಲ್ಲ ಕಣೋ. ಇಲ್ಲಿ ಊದಿ ರೂಢಿಯಾದ ಬಾಯಿ ನಾಳೆ ಬೀದಿ ಗುಂಡಿಯಲ್ಲಿ ಬೂದು ಪೈಪನ್ನೂ ಊದುತ್ತೆ. ಅಂಥದ್ದು ಸಿಕ್ಕಿದ್ರೆ ನೀರು ಹಾಕು, ಮಾಸ್ಕ್ ಕಟ್ಟು, ನಿಧಾನಕ್ಕೆ ಕೊಯ್ಯಿ, ಒದ್ದೆ ಬಟ್ಟೇಲಿ ಒರೆಸು. ಒಳಗೆ ನೋಡ್ಬೇಕಾ? ಬಲ್ಬಿನ ಕಡೆ ಹಿಡಿದು ನೋಡು. ಕಣ್ಣು ಯಾಕಿದೆ?"

ಹೀಗೆ ಹೇಳಿ ಒಂದು ತುಂಡು ಕೊಯ್ದು ತೋರಿಸಿದರು. ಕೊಯ್ದವರೇ ಬಾಯಿಗಿಟ್ಟು ಜೋರಾಗಿ ಊದಿದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವರ ಮುಖ ಕಪ್ಪಿಟ್ಟಿತು. ಆ ದಿನವೇ ಒಂದು ಕಟ್ಟಳೆ ಮಾಡಿದರು. ಯಾರು ಊದುತ್ತಾರೋ ಅವರು ಶೆಡ್ಡಿನ ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನೋಡಿಕೊಳ್ಳುವ ಕೆಲಸ ಕಂಡಕ್ಟರಮ್ಮನದು. ಯಾರಾದರೂ ಪೈಪನ್ನು ಬಾಯಿಯ ಹತ್ತಿರ ತಂದರೆ ಸಾಕು, ಪೀ ಎಂದು ಸೀಟಿ. ಪಕ್ಕದ ಕೋಣೆಯ ತತ್ವಶಾಸ್ತ್ರದವರು ಮೊದಲ ದಿನ ಬೆಂಕಿ ಬಿತ್ತು ಎಂದು ಹೊರಗೆ ಓಡಿ ಬಂದರು.

ಕಲಿಯುವವರು ಬೇಗ ಬಿಟ್ಟರು. ಅವರದು ಹೊಸ ರೂಢಿ. ಇವರದು ಹಳೆಯದು. ನೆಲ ಒರೆಸಿದ್ದೆಲ್ಲ ಹೆಚ್ಚಾಗಿ ಇವರೇ. ಮಂಡಿ ನೋವಿನವರು ಬಗ್ಗಿ ಒರೆಸುವುದನ್ನು ನೋಡಲಾಗದೆ ಕಂಡಕ್ಟರಮ್ಮ, "ಸಾರ್, ನಿಮ್ಗೆ ಪಾಸ್ ಇದೆ ಅಂದ್ಕೊಳ್ಳಿ, ಬಿಡಿ" ಎಂದಳು. "ಸೀಟಿ ಊದೋದು ನಿನ್ನ ಕೆಲ್ಸ. ಟಿಕೆಟ್ ತಗೊಳ್ಳೋದು ನನ್ನ ಕೆಲ್ಸ" ಎಂದು ಒರೆಸಿದರು.

ಬಾಯಿಯಲ್ಲಿ ಪೆಪ್ಪರ್ಮೆಂಟ್ ಇಟ್ಟುಕೊಂಡರೆ ನೆನಪಿರುತ್ತದೆ ಎಂದು ನಾನು ಉಪಾಯ ಹೇಳಿಕೊಟ್ಟೆ. ಇಟ್ಟುಕೊಂಡು ಹೋದರು. ಆ ಸಂಜೆ ಮತ್ತೆ ಊದಿದರು. ಪೆಪ್ಪರ್ಮೆಂಟ್ ಪೈಪಿನ ಆ ತುದಿಯಿಂದ ಬಂದು ಬಿತ್ತು. ಕಂಡಕ್ಟರಮ್ಮನಿಗೆ ನಗುವಿನಲ್ಲಿ ಸೀಟಿ ಊದಲೂ ಆಗಲಿಲ್ಲವಂತೆ.

ಮನೆಯಲ್ಲೂ ಒಂದು ತುಂಡು ಪೈಪು ಇಟ್ಟುಕೊಂಡಿದ್ದರು. ಊಟವಾದ ಮೇಲೆ ಕೈಗೆ ತೆಗೆದುಕೊಳ್ಳುವುದು, ಒರೆಸುವುದು, ಬಲ್ಬಿಗೆ ಹಿಡಿಯುವುದು. ಮತ್ತೆ ಒರೆಸುವುದು, ಹಿಡಿಯುವುದು. ಅತ್ತಿಗೆ ಅದನ್ನು ನೋಡಿ ಕಣ್ಣೀರು ಹಾಕಿದಳು.

"ಮೇಸ್ತ್ರಿ ಕಲಿಸಿದ್ದನ್ನ ಬಿಟ್ಟೇಬಿಟ್ಯಲ್ಲೋ."

"ಒಂದು ತುಂಡು ಬದಲಾಯ್ಸಿದೆ, ಅಷ್ಟೇ ಅಕ್ಕ. ಲೈನು ಅದೇ" ಎಂದರು.

ಅತ್ತಿಗೆಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಆಮೇಲಾಮೇಲೆ ಉಸಿರು ಕಡಿಮೆಯಾಯಿತು. ಕಾಲೇಜಿಗೆ ಹೋಗುವುದು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಂದು ಸಲ. ಬೈಗುಳವೂ ಚಿಕ್ಕದಾಯಿತು. ಮೊದಲು ಒಂದು ಬೈಗುಳಕ್ಕೆ ಒಂದು ಉಸಿರು ಸಾಕಾಗುತ್ತಿತ್ತು. ಈಗ ಅರ್ಧದಲ್ಲಿ ನಿಲ್ಲಿಸಿ ಕೈಯಲ್ಲಿ ತೋರಿಸುತ್ತಿದ್ದರು. ಕಂಡಕ್ಟರಮ್ಮ ಉಳಿದರ್ಧವನ್ನು ಪೂರೈಸುತ್ತಿದ್ದಳು. ಅವಳ ಗಂಟಲಿಗೆ ಅದು ಚೆನ್ನಾಗಿ ಹೊಂದುತ್ತಿತ್ತು.

ಇವರ ಕೈಕೆಳಗೆ ಕಲಿತವರ ಪರೀಕ್ಷೆಯ ದಿನ ಬಂತು. ಇವರು ಹೋಗಲೇಬೇಕು ಎಂದರು. ನಾನೂ ಅತ್ತಿಗೆಯೂ ಎರಡು ಕಡೆ ಹಿಡಿದುಕೊಂಡು ಹೋದೆವು. ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ನರ್ಸಕ್ಕ ಬಂದರು. ಪ್ರಶ್ನೆ ಮೇಷ್ಟ್ರು ತಮ್ಮ ತರಗತಿಯನ್ನು ಬಿಟ್ಟು ಬಂದರು. ಒಬ್ಬೊಬ್ಬರಾಗಿ ಕೊಯ್ದರು, ಜೋಡಿಸಿದರು, ನೀರು ಬಿಟ್ಟು ತೋರಿಸಿದರು. ಎಲ್ಲೂ ಒಂದು ಹನಿ ಸೋರಲಿಲ್ಲ. ಯಾರೂ ಊದಲಿಲ್ಲ.

ಎಲ್ಲ ಮುಗಿದ ಮೇಲೆ ಇವರು, "ಒಂದು ತುಂಡು ಕೊಡಿ ಇಲ್ಲಿ" ಎಂದರು.

ಪೈಪನ್ನು ಬಿಗಿದು ಹಿಡಿಯುವ ವೈಸನ್ನೇ ಕುರ್ಚಿಯ ಹತ್ತಿರ ತಂದಿಟ್ಟರು. ಇವರು ಕೂತೇ ಕೊಯ್ದರು. ನಿಂತು ನಿಂತು, ಉಸಿರು ತೆಗೆದುಕೊಂಡು ಕೊಯ್ದರು. ತುಂಡು ಕೈಗೆ ಬಂತು. ಕಂಡಕ್ಟರಮ್ಮ ಸೀಟಿಯನ್ನು ಬಾಯಿಗಿಟ್ಟುಕೊಂಡು ನಿಂತಿದ್ದಳು. ಇವರ ಕೈ ಅರ್ಧ ಮೇಲೆ ಬಂತು. ಅಲ್ಲೇ ನಿಂತಿತು ಕೈ. ಇನ್ನೊಂದು ಕೈ ಒದ್ದೆ ಬಟ್ಟೆ ತೆಗೆದುಕೊಂಡಿತು. ಒರೆಸಿದರು. ಒಂದು ಕಣ್ಣು ಮುಚ್ಚಿ, ಪೈಪನ್ನು ಬಲ್ಬಿನ ಕಡೆ ಹಿಡಿದು ಒಳಗೆ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಕಂಡಕ್ಟರಮ್ಮನ ಕೈಗೆ ಕೊಟ್ಟರು.

"ಏನಮ್ಮಾ, ಸೀಟಿ ಮರೆತ್ಯಾ?"

ಅವಳು ಸೀಟಿಯನ್ನು ಬಾಯಿಂದ ತೆಗೆದಳು. "ಅದಕ್ಕೆ ಇನ್ನು ಕೆಲ್ಸ ಇಲ್ಲ ಸಾರ್" ಎಂದಳು. ಅಷ್ಟು ದೊಡ್ಡ ಗಂಟಲಿನವಳ ಮಾತು ನನಗೆ ಸರಿಯಾಗಿ ಕೇಳಿಸಲೇ ಇಲ್ಲ.

ಮಳೆ ನಿಂತು ಬಿಸಿಲು ಬಂದ ಮೇಲೆ ಇವರು ತೀರಿಕೊಂಡರು. ಬೆಳಿಗ್ಗೆ. ಕುರ್ಚಿಯಲ್ಲಿ ಕೂತೇ. ನಾನು ಚಹಾ ತಂದಿಟ್ಟಿದ್ದೆ.

ಮನೆ ತುಂಬ ಜನ ಬಂದರು. ಪ್ರಶ್ನೆ ಮೇಷ್ಟ್ರು ಬಂದು ನನ್ನ ಎದುರು ಕೂತರು. ಆ ದಿನ ಅವರು ಏನೂ ಕೇಳಲಿಲ್ಲ. ಕೋಟಿನ ಗುಂಡಿ ಇನ್ನೂ ಇರಲಿಲ್ಲ. "ಬಿಚ್ಚಿ ಕೊಡಿ ಇಲ್ಲಿ" ಎಂದೆ. ಕೊಟ್ಟರು. ಡಬ್ಬಿಯಲ್ಲಿ ಹುಡುಕಿ, ಹೊಂದುವ ಗುಂಡಿ ತೆಗೆದು ಹೊಲಿದೆ. ಅತ್ತಿಗೆ, "ಈಗ್ಲೇ ಆಗ್ಬೇಕಾ ಅದು?" ಎಂದಳು. ನನ್ನ ಕೈಗೆ ಏನಾದರೂ ಕೆಲಸ ಬೇಕಿತ್ತು. ಕಾಲೇಜಿನವರು ವರ್ಷಕ್ಕೊಮ್ಮೆ ತರುವ ಪುಸ್ತಕಕ್ಕೆ ಇವರ ಬಗ್ಗೆ ಬರೆದುಕೊಡಿ ಎಂದು ಆಮೇಲೆ ಕೇಳಿದವರೂ ಅವರೇ. ನನಗೆ ಬರೆಯಲು ಬರುವುದಿಲ್ಲ ಎಂದೆ. "ಹೇಳೋಕೆ ಬರುತ್ತಲ್ಲ? ಹೇಳಿದ ಹಾಗೇ ಬರೆದ್ರೆ ಆಗಲ್ವಾ?" ಎಂದರು. ಮತ್ತೆ ಪ್ರಶ್ನೆ.

ಮೊನ್ನೆ ಶೆಡ್ಡಿಗೆ ಹೋಗಿದ್ದೆ. ಈಗ ಅಲ್ಲಿ ಕಲಿಸುವವಳು ಕಂಡಕ್ಟರಮ್ಮ. ಎಲ್ಲ ಹೊಸ ಮುಖಗಳು. ನಾನು ಹೋದದ್ದು ಯಾಕೆ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇವರು ಊದುವುದನ್ನು ಇನ್ನೊಂದು ಸಲ ನೋಡಬೇಕೆನಿಸಿತ್ತು. ಆ ಸಾಲಿನಲ್ಲಿ ಯಾರಾದರೂ ಒಬ್ಬರು, ಮರೆತಾದರೂ ಸರಿ, ತುದಿಯನ್ನು ಬಾಯಿಗಿಟ್ಟು ತಲೆಯನ್ನು ಎಡಗಡೆಗೆ ತಿರುಗಿಸುತ್ತಾರೇನೋ ಎಂದು. ಹಾಗೆ ಆಗಬಾರದು ಎಂದೂ ಗೊತ್ತಿತ್ತು. ಎರಡೂ ಇತ್ತು ಮನಸ್ಸಿನಲ್ಲಿ.

ಬಾಗಿಲ ಹತ್ತಿರ ಸ್ಟೂಲು ಹಾಕಿಕೊಟ್ಟರು. ಕೂತು ನೋಡಿದೆ. ಕೊಯ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬಲ್ಬಿಗೆ ಹಿಡಿದು ನೋಡಿದರು. ಒಬ್ಬರೂ ಊದಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಪೈಪಿನ ಸದ್ದು ಕೇಳಿದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ.

ಹತ್ತಿರ ನಿಂತು ಕೊಯ್ಯುತ್ತಿದ್ದವನು ಸ್ವಲ್ಪ ವಯಸ್ಸಾದ ಮನುಷ್ಯ. ಮೊದಲು ಮಿಲ್ಲಿನಲ್ಲಿದ್ದವನಂತೆ. ನಾನು ಯಾರು ಎಂದು ಯಾರೋ ಹೇಳಿದ್ದರು. ಕೈ ಒರೆಸಿಕೊಂಡು ಬಂದ.

"ಅಮ್ಮಾ, ಇದನ್ನ ಎಲ್ಲರೂ ಊದೋ ಮೇಷ್ಟ್ರ ಶೆಡ್ಡು ಅಂತಾರಲ್ಲ. ನಿಮ್ಮ ಯಜಮಾನ್ರು ಕೊಳಲು ಊದ್ತಿದ್ರಾ?"

"ಏಯ್, ಅಲ್ಲೇನು ಮಾತು? ಮುಂದೆ ಹೋಗಿ, ಮುಂದೆ ಹೋಗಿ!" ಎಂದು ಆ ತುದಿಯಿಂದ ಕಂಡಕ್ಟರಮ್ಮ ಕೂಗಿದಳು. ಅವನು ಹೋಗಲಿಲ್ಲ. ಉತ್ತರಕ್ಕೆ ಕಾದು ನಿಂತಿದ್ದ.

ಅವನ ಕೈಯಲ್ಲಿದ್ದ ಪೈಪನ್ನು ನೋಡಿದೆ. ಕೊಯ್ದ ಜಾಗ ನೆಟ್ಟಗಿತ್ತು.

"ಚೆನ್ನಾಗಿ ಊದ್ತಿದ್ರಪ್ಪ" ಎಂದೆ. "ಆಮೇಲೆ ಬಿಟ್ರು."